ಬಕ್ರಾ ಮೀಮಾಂಸೆ

ಮೋಸ ಮಾಡುವವನಿಗೆ ನಮ್ಮಲ್ಲಿ ಹಿಂದಿನಿಂದಲೂ ಶಾಸ್ತ್ರವಿದೆ, ಸ್ಥಾನಮಾನವಿದೆ. 11ನೇ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ‘ಕಲಾವಿಲಾಸ’ ಎಂಬ ಕಾವ್ಯವನ್ನೇ ಬರೆದ. ಅದರಲ್ಲಿ ಮೂಲದೇವನೆಂಬ ಧೂರ್ತಶಿಖಾಮಣಿ ಶ್ರೀಮಂತ ವರ್ತಕನೊಬ್ಬನ ಮಗನನ್ನು ಎದುರು ಕೂರಿಸಿಕೊಂಡು, ಡಂಭಾಚಾರದಿಂದ ಹಿಡಿದು ಅಕ್ಕಸಾಲಿಗರ ಕೈಚಳಕದವರೆಗೆ ಲೋಕದ ವಂಚನೆಗಳನ್ನೆಲ್ಲ ಪಾಠ ಹೇಳುತ್ತಾನೆ. 1860ರಲ್ಲಿ ಬ್ರಿಟಿಷರು ಭಾರತೀಯ ದಂಡಸಂಹಿತೆ ಮಾಡಿದಾಗ ಮೋಸಗಾರನಿಗೆ 420 ಎಂಬ ನಂಬರು ಮಂಜೂರಾಯಿತು. 1955ರಲ್ಲಿ ರಾಜ್ ಕಪೂರ್ ಆ ನಂಬರಿಗೆ ‘ಶ್ರೀ’ ಸೇರಿಸಿ ಸಿನಿಮಾ ತೆಗೆದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ವಂಚನೆಯನ್ನು 318ನೇ ಸೆಕ್ಷನ್ನಿಗೆ ವರ್ಗ ಮಾಡಿತಾದರೂ ಜನ ಕೇಳಲಿಲ್ಲ. ‘ಅವನೊಬ್ಬ ತ್ರೀ ಏಟೀನ್’ ಎಂದರೆ ಅಪಾರ್ಟ್‌ಮೆಂಟಿನ ಮನೆ ನಂಬರು ಅಂದುಕೊಳ್ಳುತ್ತಾರೆ.

ಮೋಸ ಹೋದವನಿಗೆ ಏನಿದೆ? ಶಾಸ್ತ್ರವಿಲ್ಲ, ಸೆಕ್ಷನ್ನಿಲ್ಲ, ಶ್ರೀಯಂತೂ ಇಲ್ಲವೇ ಇಲ್ಲ. ಇರುವುದು ಒಂದೇ ಒಂದು ಪದ: ಬಕ್ರಾ.

ಬೆಂಗಳೂರಿನಲ್ಲಿ ಈ ಪದ ಬಳಕೆಯಾಗದ ಬೀದಿಯಿಲ್ಲ. ಆಟೋದವರು ಮೀಟರಿನ ಮೇಲೆ ಡಬಲ್ ಕೇಳಿದರೆ ‘ನಾನೇನು ಬಕ್ರಾ ಥರ ಕಾಣ್ತೀನಾ?’ ಕ್ಯಾಂಟೀನಿನಲ್ಲಿ ಬಿಲ್ಲು ಬಂದರೆ ‘ಇವತ್ತಿನ ಬಕ್ರಾ ಯಾರು ಮಗಾ?’ ರಿಜಿಸ್ಟರ್ ಮಾಡಿಸಿಕೊಂಡ ಸೈಟು ಕೆರೆಯಂಗಳ ಎಂದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವನಿಗೆ ಹೆಂಡತಿಯ ತಮ್ಮನ ಸಾಂತ್ವನ: ‘ಬಕ್ರಾ ಆಗ್ಬಿಟ್ರಲ್ಲ ಭಾವ.’ ಇಷ್ಟೆಲ್ಲ ದುಡಿಯುವ ಪದಕ್ಕೆ ಒಂದು ಲಕ್ಷಣಗ್ರಂಥವಿಲ್ಲದಿರುವುದು ಕನ್ನಡದ ವಿದ್ವತ್ತಿಗೆ ಶೋಭೆಯಲ್ಲ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ಉದ್ದೇಶ.

ಮೊದಲು ಸೂತ್ರ. ‘ಕೇಳಿದ ಮೇಲೆ ಕೊಟ್ಟವನು ದಾನಿ, ಕೇಳುವ ಮೊದಲೇ ಕೊಟ್ಟವನು ಬಕ್ರಾ.’

ಇದಕ್ಕೆ ವೃತ್ತಿ: ಬಕ್ರಾ ಬೇರೆ, ದಡ್ಡ ಬೇರೆ. ದಡ್ಡನಿಗೆ ಲೆಕ್ಕ ಬರುವುದಿಲ್ಲ. ಬಕ್ರಾಗೆ ಲೆಕ್ಕ ಚೆನ್ನಾಗಿ ಬರುತ್ತದೆ; ತಿಂಗಳಿಗೆ ಮೂರು ಪರ್ಸೆಂಟ್ ಎಂದರೆ ವರ್ಷಕ್ಕೆ ಎಷ್ಟು, ಐದು ವರ್ಷಕ್ಕೆ ಎಷ್ಟು, ಆ ದುಡ್ಡಿನಲ್ಲಿ ಮಗಳ ಮದುವೆ ಯಾವ ಛತ್ರದಲ್ಲಿ ಎಂಬುದನ್ನೆಲ್ಲ ನಿಂತ ನಿಲುವಿನಲ್ಲೇ ಹೇಳಬಲ್ಲ. ಅವನಿಗೆ ಬಾರದಿರುವುದು ಒಂದೇ ಪ್ರಶ್ನೆ: ಈ ಮಹಾನುಭಾವ ಇಷ್ಟೊಂದು ದುಡ್ಡನ್ನು ನನಗೇ ಏಕೆ ಕೊಡುತ್ತಾನೆ? ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು’ ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಇವನನ್ನೇ ಕಂಡಿದ್ದರು. ಗಾದೆಯಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಬೇಕು. ಹಾಗೆ ಹೇಳುವವನಿಗೆ ದನ ಸಾಕುವ ಅನುಭವವಿದೆ, ಕೊಟ್ಟಿಗೆಯೂ ಇದೆ. ಆಸ್ತಿಯಿಲ್ಲದವನು ಬಕ್ರಾ ಆಗಲು ಅರ್ಹನಲ್ಲ.

ಬಕ್ರಾಗೆ ದಾಯಾದಿಗಳು ಬಹಳ. ಹಳೇ ಮೈಸೂರು ಕಡೆ ಪೆದ್ದು, ಬೆಪ್ಪು, ಗುಗ್ಗು, ಗೂಬೆ. ಧಾರವಾಡದ ಕಡೆ ಹುಚ್ಚಪ್ಯಾಲಿ. ಮಂಗಳೂರಿನಲ್ಲಿ ಪ್ರಾಣಿಯೇ ಬೇರೆ. ಅಲ್ಲಿ ‘ಮಂಗ ಮಾಡುತ್ತಾರೆ’. ಮಂಡ್ಯದಲ್ಲಿ ‘ಯಾಮಾರಿಸುತ್ತಾರೆ’. ಇವರೆಲ್ಲರಿಗಿಂತ ಘನವಾದವನು ಬೆಪ್ಪುತಕ್ಕಡಿ. ಸ್ವಂತಕ್ಕೆ ತೂಕವಿಲ್ಲದೆ, ಯಾರು ಏನು ಹಾಕಿದರೂ ಆ ಕಡೆಗೆ ವಾಲುವವನನ್ನು ತಕ್ಕಡಿ ಎಂದವನು ಕವಿಯೇ ಇರಬೇಕು. ಚಂದ್ರಶೇಖರ ಕಂಬಾರರು ‘ಬೆಪ್ಪುತಕ್ಕಡಿ ಬೋಳೇಶಂಕರ’ ಎಂಬ ನಾಟಕ ಬರೆದರು, ‘ಹರಕೆಯ ಕುರಿ’ ಎಂಬ ಇನ್ನೊಂದನ್ನೂ ಬರೆದರು. ಒಬ್ಬರೇ ಜ್ಞಾನಪೀಠಿಯಿಂದ ಎರಡೆರಡು ಶೀರ್ಷಿಕೆ ಪಡೆದ ಭಾಗ್ಯ ಜಾಣರಿಗೂ ಸಿಕ್ಕಿಲ್ಲ.

ವ್ಯುತ್ಪತ್ತಿಯ ವಿಷಯದಲ್ಲಿ ಮೂರು ಪಂಥಗಳನ್ನು ಕಲ್ಪಿಸಬಹುದು. ಸಂಶೋಧನೆ ಎಂದ ಮೇಲೆ ಮೂರಾದರೂ ಬೇಕು.

ಮೊದಲನೆಯದು ಬಕಪಂಥ. ಬಕ ಎಂದರೆ ಕೊಕ್ಕರೆ. ಒಂಟಿಕಾಲಿನಲ್ಲಿ ನಿಂತ ಈ ತಪಸ್ವಿಯನ್ನು ನಂಬಿ ಕೆರೆಯ ಮೀನುಗಳು ಒಂದೊಂದಾಗಿ ಅದರ ಕೊಕ್ಕೇರಿ ‘ಇನ್ನೂ ದೊಡ್ಡ ಕೆರೆ’ಗೆ ಹೊರಟ ಕಥೆ ಪಂಚತಂತ್ರದಲ್ಲಿದೆ. ಅಲ್ಲಿ ಬಕ ಮೋಸಗಾರ, ಮೀನು ಮೋಸ ಹೋದದ್ದು. ಹಾಗಾದರೆ ಬಿರುದು ಬಕಕ್ಕೆ ಹೇಗೆ ಬಂತು? ಈ ಪಂಥದ ಉತ್ತರ ಏಡಿಯ ಬಳಿ ಇದೆ. ಕೊನೆಯಲ್ಲಿ ಏಡಿ ಕೊಕ್ಕರೆಯ ಕುತ್ತಿಗೆಯನ್ನು ಕತ್ತರಿಸಿತಲ್ಲ, ಆಗ ಬಕ ಬಕ್ರಾ ಆಯಿತು. ನಡುವೆ ಸೇರಿಕೊಂಡ ರಕಾರ ಕತ್ತು ಮುರಿದ ಸದ್ದು. ಇದಕ್ಕಿಂತ ದುರ್ಬಲವಾದ ವಾದಗಳಿಗೆ ವಿಚಾರಸಂಕಿರಣಗಳಲ್ಲಿ ಚಪ್ಪಾಳೆ ಬಿದ್ದದ್ದುಂಟು.

ಎರಡನೆಯ ಪಂಥದ ಮಾತು ಮಾತ್ರ ಕುಚೋದ್ಯವಲ್ಲ. ಸಂಸ್ಕೃತದಲ್ಲಿ ‘ಬರ್ಕರ’ ಎಂಬ ಪದವಿದೆ. ಆಡಿನ ಮರಿ, ಕುರಿಮರಿ ಎಂದು ಅರ್ಥ. ಹಿಂದಿಯ ಬಕ್ರಾ ಹುಟ್ಟಿದ್ದು ಆ ಮನೆಯಲ್ಲಿ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ, ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಹೇಗೆ ಮೈ ಬದಲಿಸುತ್ತವೆ ಎಂದು ಹೇಳಿದ್ದಾನೆ. ಕರ್ಕಶ ಕಕ್ಕಸವಾಗುವ ಲೆಕ್ಕದಲ್ಲಿ ಬರ್ಕರ ನಮ್ಮಲ್ಲಿ ಬಕ್ಕರವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಪದ ಬಂದದ್ದು ಸಂಸ್ಕೃತದ ಹೆಬ್ಬಾಗಿಲಿನಿಂದಲ್ಲ. ದಖನಿ ಉರ್ದು ಆಡುವ ಗಲ್ಲಿಗಳಿಂದ, ಹಿಂದಿ ಸಿನಿಮಾದ ‘ಬಲಿ ಕಾ ಬಕ್ರಾ’ ಡೈಲಾಗುಗಳಿಂದ ಅದು ಹಿತ್ತಿಲ ಕಡೆಯಿಂದ ನುಗ್ಗಿತು. 1990ರ ದಶಕದ ಕೊನೆಯಲ್ಲಿ ಸೈರಸ್ ಬರೂಚಾ ನಡೆಸಿಕೊಟ್ಟ ‘ಎಂಟಿವಿ ಬಕ್ರಾ’ ಕಾರ್ಯಕ್ರಮ ಬಂತು. ಕ್ಯಾಮೆರಾ ಬಚ್ಚಿಟ್ಟು ದಾರಿಹೋಕರನ್ನು ಪೇಚಿಗೆ ಸಿಕ್ಕಿಸಿ, ಅವರು ರೇಗಿ ಕೈ ಎತ್ತುವ ಹೊತ್ತಿಗೆ ಸರಿಯಾಗಿ ಗುಟ್ಟು ಒಡೆಯುವ ಆಟ ಅದು. ಆ ಆಟ ನೋಡಿದ ತಲೆಮಾರು ಪದವನ್ನು ಕಾಲೇಜಿಗೆ ಒಯ್ದಿತು, ಅಲ್ಲಿಂದ ಆಫೀಸಿಗೆ.

ಕನ್ನಡದ ಟಿವಿ ಇದನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಉದಯ ಟಿವಿಯಲ್ಲಿ ಅದೇ ಬಗೆಯ ಕಾರ್ಯಕ್ರಮಕ್ಕೆ ‘ಕುರಿ ಬಾಂಡ್’ ಎಂದು ಹೆಸರಾಯಿತು. ಹಿಂದಿಯ ಆಡು ಕನ್ನಡಕ್ಕೆ ಬರುವಷ್ಟರಲ್ಲಿ ಕುರಿಯಾದದ್ದಕ್ಕೆ ಕಾರಣವಿದೆ. ಆಡಿಗೆ ನಮ್ಮಲ್ಲಿ ಒಳ್ಳೆಯ ಹೆಸರು. ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುತ್ತೇವೆ, ಎಂದರೆ ಅದು ಸಿಕ್ಕಿದ್ದನ್ನೆಲ್ಲ ರುಚಿ ನೋಡಿ ಪರೀಕ್ಷಿಸುವ ಸಂಶೋಧಕ ಪ್ರಾಣಿ. ಕುರಿಗೆ ಆ ಚಾಪಲ್ಯವಿಲ್ಲ. ಮುಂದಿನದು ಹೋದಲ್ಲಿ ಹಿಂದಿನದು. ಆ ಕಾರ್ಯಕ್ರಮದಲ್ಲಿ ಎಷ್ಟೋ ಜನರನ್ನು ಕುರಿ ಮಾಡಿದವರು ಪ್ರತಾಪ್. ಕುರಿ ಆದವರೆಲ್ಲ ಅವತ್ತೇ ಮನೆಗೆ ಹೋಗಿ ಮನುಷ್ಯರಾದರು. ಮಾಡಿದವರಿಗೆ ಮಾತ್ರ ‘ಕುರಿ ಪ್ರತಾಪ್’ ಎಂಬ ಹೆಸರು ಕಾಯಂ ಆಯಿತು. ಮೇಲಿನ ಬಕಪಂಥಕ್ಕೆ ಇದಕ್ಕಿಂತ ದೊಡ್ಡ ಆಧಾರ ಸಿಗಲಾರದು.

ಮೂರನೆಯದು ಕಾಕೋಲೂಕೀಯ ಪಂಥ, ಈ ಪ್ರಬಂಧಕಾರನ ಒಲವು ಇದರ ಕಡೆಗೆ. ಕನ್ನಡಿಗರು ಸುಳ್ಳು ಹೇಳುವುದಕ್ಕೆ ‘ಕಾಗೆ ಹಾರಿಸುವುದು’ ಎನ್ನುತ್ತಾರೆ. ಅದನ್ನು ನಂಬಿದವನಿಗೆ ‘ಗೂಬೆ’ ಎನ್ನುತ್ತಾರೆ. ನಂಬಿ ದುಡ್ಡು ಕೊಟ್ಟವನು ಬಕ್ರಾ. ಕಾಗೆ, ಗೂಬೆ, ಆಡು ಮೂರೂ ಒಟ್ಟಿಗೆ ಇರುವ ಜಾಗ ಒಂದಿದೆ: ಪಂಚತಂತ್ರದ ಮೂರನೆಯ ತಂತ್ರ, ಕಾಗೆ ಗೂಬೆಗಳ ವೈರದ ಕಥೆ. ಅಲ್ಲಿ ಕಾಗೆಗಳ ಮುದಿ ಮಂತ್ರಿ ಸ್ಥಿರಜೀವಿ, ತನ್ನವರೇ ಹೊಡೆದು ಓಡಿಸಿದರು ಎಂದು ನಾಟಕವಾಡಿ ಗೂಬೆಗಳ ಆಶ್ರಯ ಬೇಡುತ್ತಾನೆ. ಗೂಬೆಗಳ ರಾಜ ಮಂತ್ರಿಗಳ ಸಭೆ ಕರೆಯುತ್ತಾನೆ. ರಕ್ತಾಕ್ಷನೆಂಬ ಒಬ್ಬ ಮಾತ್ರ ‘ಇವನನ್ನು ಮುಗಿಸಿಬಿಡಿ’ ಎನ್ನುತ್ತಾನೆ. ಉಳಿದವರು ಶಾಸ್ತ್ರ ಉದ್ಧರಿಸಿ, ಧರ್ಮ ವಿಚಾರಿಸಿ, ಕಾಗೆಯನ್ನು ಒಳಗೆ ಕರೆದುಕೊಳ್ಳುತ್ತಾರೆ. ಕಾಗೆ ಗುಹೆಯ ಬಾಗಿಲಲ್ಲಿ ಕಡ್ಡಿ ಜೋಡಿಸುತ್ತ ಹೋಗಿ ಒಂದು ದಿನ ಬೆಂಕಿ ಇಡಿಸುತ್ತದೆ. ಕಮಿಟಿ ಮಾಡಿ, ಚರ್ಚಿಸಿ, ಬಹುಮತದಿಂದ ಬಕ್ರಾ ಆದ ಮೊದಲ ಸಂಸ್ಥೆ ಗೂಬೆಗಳದು. ‘ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ’ ಎಂಬ ನಮ್ಮ ಮಾತಿನ ಗುಬ್ಬಕ್ಕ ಮೂಲದಲ್ಲಿ ಗೂಬಕ್ಕನೇ ಇರಬೇಕು. ದೀರ್ಘ ಹ್ರಸ್ವವಾಗಿ ಒತ್ತು ಬಂದಿದೆ. ಇದಕ್ಕೆ ಆಧಾರವೇನೂ ಇಲ್ಲ, ಆದರೆ ಕೇಳಲು ಚೆನ್ನಾಗಿದೆ. ಬಕ್ರಾಶಾಸ್ತ್ರದಲ್ಲಿ ಪ್ರಮಾಣವೆಂದರೆ ಅದೇ.

ಹೆಗಲ ಮೇಲೆ ಆಡು ಹೊತ್ತು ಹೊರಟ ಬ್ರಾಹ್ಮಣನ ಕಥೆಯೂ ಇದೇ ತಂತ್ರದಲ್ಲಿ ಬರುತ್ತದೆ. ಮೂವರು ಧೂರ್ತರು ಒಬ್ಬೊಬ್ಬರಾಗಿ ಎದುರಾಗಿ, ಅದು ಆಡೇ ಅಲ್ಲ ಎಂದು ನಂಬಿಸಿ, ಕೆಳಗಿಳಿಸಿ ಹೋಗುವಂತೆ ಮಾಡುತ್ತಾರೆ. ಇಲ್ಲಿ ಆಡು ಮೋಸ ಹೋಗಲಿಲ್ಲ, ಅದಕ್ಕಾದದ್ದು ಹೆಗಲ ಬದಲಾವಣೆ. ಮೋಸ ಹೋದವನು ಹೊತ್ತವನು. ಆದರೂ ಹೆಸರು ಕೆಟ್ಟದ್ದು ಆಡಿನದು. ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ ಕಾಣುವ ಮೂವರು ಒಂದೇ ಮಾತು ಹೇಳಿದರೆ ಕಣ್ಣೆದುರಿನ ಆಡೂ ಬೇರೇನೋ ಆಗುತ್ತದೆ ಎಂಬ ಆ ತಂತ್ರವನ್ನು ಇಂದು ಟೆಲಿಗ್ರಾಂ, ವಾಟ್ಸ್‌ಆ್ಯಪಿನ ಷೇರು ಗ್ರೂಪುಗಳಲ್ಲಿ ನೋಡಬಹುದು. ಗ್ರೂಪಿಗೆ ಹೊಸಬ ಸೇರಿದ ಕೂಡಲೇ ಹತ್ತಾರು ಜನ ತಮಗೆ ಬಂದ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಾರೆ, ‘ಗುರುಗಳಿಗೆ ನಮಸ್ಕಾರ’ ಎನ್ನುತ್ತಾರೆ. ಅವರೆಲ್ಲ ಒಂದೇ ತಂಡದವರು. ಆ ಗುಂಪಿನಲ್ಲಿ ನಿಜವಾದ ಗಿರಾಕಿ ಒಬ್ಬನೇ.

ಇನ್ನು ವ್ಯಾಕರಣ. ಕನ್ನಡದಲ್ಲಿ ಬಕ್ರಾ ಒಂಟಿಯಾಗಿ ಬಾಳುವುದು ಕಡಿಮೆ. ಆಗು, ಮಾಡು, ಸಿಗು ಎಂಬ ಮೂರರಲ್ಲಿ ಒಂದು ಕ್ರಿಯಾಪದದ ಹಗ್ಗ ಸಾಮಾನ್ಯವಾಗಿ ಅದರ ಕೊರಳಿಗೆ ಇರುತ್ತದೆ. ಲಿಂಗವಿಚಾರದಲ್ಲೂ ವಿಶೇಷವಿದೆ. ಪ್ರಾಣಿಯಾಗಿದ್ದಾಗ ‘ಸಿಕ್ಕಿತು’, ಮನುಷ್ಯನಾದ ಕೂಡಲೇ ‘ಒಬ್ಬ ಬಕ್ರಾ ಸಿಕ್ಕಿದ’. ನಪುಂಸಕಲಿಂಗದಿಂದ ಪುಲ್ಲಿಂಗಕ್ಕೆ ಬಡ್ತಿ ಪಡೆದೂ ಮರ್ಯಾದೆ ಕಳೆದುಕೊಂಡ ಪದ ಇದು. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ‘ಅವನು ಬಕ್ರಾ ಆಗ್ತಿದ್ದಾನೆ’ ಎನ್ನಬಹುದು, ‘ನೀನು ಬಕ್ರಾ ಆಗ್ತೀಯ’ ಎನ್ನಬಹುದು. ‘ನಾನು ಈಗ ಬಕ್ರಾ ಆಗ್ತಾ ಇದ್ದೀನಿ’ ಎಂದು ಕನ್ನಡನಾಡಿನಲ್ಲಿ ಯಾರೂ ಹೇಳಿಲ್ಲ. ಉತ್ತಮಪುರುಷಕ್ಕೆ ಈ ಪದ ಭೂತಕಾಲದಲ್ಲಿ ಮಾತ್ರ ದೊರೆಯುತ್ತದೆ, ಅದೂ ಬ್ಯಾಂಕಿನ ಎಸ್ಸೆಮ್ಮೆಸ್ ಬಂದ ಮೇಲೆ. ವರ್ತಮಾನದಲ್ಲಿ ತನಗೆ ತಾನೇ ಅನ್ವಯವಾಗದ ಪದ ಅಪಾಯಕಾರಿ. ಮುಂದೆ ಇದರ ಪ್ರಸ್ತಾಪ ಮತ್ತೆ ಬರಲಿದೆ.

ಅಲಂಕಾರಪ್ರಕರಣಕ್ಕೆ ಬಂದರೆ ಕನ್ನಡ ಉಳಿದ ಭಾಷೆಗಳನ್ನು ನಾಚಿಸುವಷ್ಟು ಶ್ರೀಮಂತ. ಕನ್ನಡದಲ್ಲಿ ಮೋಸ ಹೋದವನನ್ನು ತಲೆಯಿಂದ ಕೈಯವರೆಗೆ ಶೃಂಗರಿಸುವ ಪದ್ಧತಿಯಿದೆ. ತಲೆಗೆ ಟೋಪಿ. ಹಣೆಗೆ ಪಂಗನಾಮ, ಧಾರಾಳ ಮನಸ್ಸಿನವರಾದರೆ ಉಂಡೆನಾಮ. ಕಿವಿಗೆ ಹೂವು. ಮೂಗಿಗೆ ತುಪ್ಪ. ಮುಖಕ್ಕೆ ಮಂಕುಬೂದಿ. ಕೈಗೆ ಚೊಂಬು, ಇಲ್ಲವೇ ಚಿಪ್ಪು. ಎಲ್ಲವನ್ನೂ ಒಬ್ಬನಿಗೇ ತೊಡಿಸಿ ನಿಲ್ಲಿಸಿದರೆ ಮದುಮಗನಂತೆ ಕಾಣುತ್ತಾನೆ. ಬೈದು ಯಾರನ್ನೂ ಬಕ್ರಾ ಮಾಡಲಾಗುವುದಿಲ್ಲ, ಮೊದಲು ಸನ್ಮಾನ ಆಗಬೇಕು ಎಂಬ ಆಳವಾದ ಲೋಕಾನುಭವ ಈ ನುಡಿಗಟ್ಟುಗಳಲ್ಲಿದೆ. ‘ನಿಮ್ಮಂಥ ಆಯ್ದ ಗ್ರಾಹಕರಿಗೆ ಮಾತ್ರ ಸಾರ್’ ಎಂದು ಶುರುವಾಗುವ ಫೋನ್ ಕರೆಯೂ ಹೂವೇ.

ಈ ಅಲಂಕಾರಗಳಲ್ಲಿ ಕಿವಿಯ ಹೂವಿಗೆ ಶಾಸನಸಭೆಯ ಮಾನ್ಯತೆಯೂ ಇದೆ. 2023ರ ಫೆಬ್ರುವರಿ 17ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಜೆಟ್ ಓದಲು ನಿಂತಾಗ, ವಿರೋಧಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ಕಿವಿಗೆ ಚೆಂಡುಹೂವು ಸಿಕ್ಕಿಸಿಕೊಂಡು ಸದನಕ್ಕೆ ಬಂದಿದ್ದರು. ಸರ್ಕಾರ ಜನರ ಕಿವಿ ಮೇಲೆ ಹೂವು ಇಡುತ್ತಿದೆ ಎಂಬುದು ಇಂಗಿತ. ಬಜೆಟ್ಟಿನ ಅಂಕಿಸಂಖ್ಯೆಗಿಂತ ಆ ಹೂವಿನ ಫೋಟೊ ಹೆಚ್ಚು ಓಡಾಡಿತು. ಒಂದು ನುಡಿಗಟ್ಟನ್ನು ಅದರ ವಾಚ್ಯಾರ್ಥಕ್ಕೆ ತಂದು ಬಜೆಟ್ ಕೇಳಿದ ಸಭೆ ಬೇರೆಲ್ಲಾದರೂ ಇದ್ದರೆ ಅದು ಆಂಧ್ರವೋ ತಮಿಳುನಾಡೋ ಇರಬೇಕು; ತೆಲುಗಿನವರಿಗೂ ತಮಿಳರಿಗೂ ಕಿವಿ ಹೂವಿನ ಮಾತು ಇದೇ ಅರ್ಥದಲ್ಲಿ ಗೊತ್ತು. ಮರುವರ್ಷ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಚೊಂಬಿನ ಸರದಿ. ಕೇಂದ್ರ ಸರ್ಕಾರ ಕರ್ನಾಟಕಕ್ಕೆ ಕೊಟ್ಟದ್ದು ಚೊಂಬು ಎಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿತು. ಅದು ಚೊಂಬಲ್ಲ, ಅಕ್ಷಯಪಾತ್ರೆ ಎಂದು ಎದುರಾಳಿಗಳು ಉತ್ತರ ಕೊಟ್ಟರು. ಯಾರು ಯಾರನ್ನು ಬಕ್ರಾ ಮಾಡಿದರು ಎಂಬ ನಿರ್ಣಯ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಎರಡೂ ಕಡೆಯವರಿಗೆ ಅಲಂಕಾರಶಾಸ್ತ್ರ ಚೆನ್ನಾಗಿ ಗೊತ್ತು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಪದದ ತಿರುಳು ಇರುವುದು ಹಳ್ಳಿಯ ಜಾತ್ರೆಯಲ್ಲಿ. ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು 1959ರ ಕಾಯ್ದೆ ನಿಷೇಧಿಸಿದೆ, ಆದರೂ ಹಳಬರಿಗೆ ವಿಧಾನ ಗೊತ್ತು. ಹರಕೆಯ ಪ್ರಾಣಿಗೆ ಮೈ ತೊಳೆಸುತ್ತಾರೆ, ಅರಿಶಿನ ಕುಂಕುಮ ಹಚ್ಚುತ್ತಾರೆ, ಹೂವಿನ ಹಾರ ಹಾಕುತ್ತಾರೆ. ಆಮೇಲೆ ಗುಡಿಯ ಮುಂದೆ ನಿಲ್ಲಿಸಿ ಅದರ ಮೈಮೇಲೆ ನೀರು ಎರಚುತ್ತಾರೆ. ಎಲ್ಲರೂ ಕಾಯುತ್ತಾರೆ. ತಣ್ಣೀರು ಬಿದ್ದ ಪ್ರಾಣಿ ಇಂದಲ್ಲ ನಾಳೆ ಮೈ ಒದರಲೇಬೇಕು. ಒದರಿದ ಕೂಡಲೇ ‘ಒಪ್ಪಿಗೆ ಆಯ್ತು’ ಎಂಬ ಕೂಗೇಳುತ್ತದೆ. ಒದರದಿದ್ದರೆ ಇನ್ನೊಂದು ಚೊಂಬು ನೀರು. ಬೇಡ ಎನ್ನುವುದಕ್ಕೆ ಆ ಪ್ರಾಣಿಗೆ ಯಾವ ಸನ್ನೆಯನ್ನೂ ಕೊಟ್ಟಿಲ್ಲ.

ಈಗಿನ ಫೋನಿನಲ್ಲಿ ‘ಐ ಅಗ್ರೀ’ ಎಂಬ ಗುಂಡಿಯಿದೆ. ಒಟಿಪಿ ಎಂಬ ಆರಂಕಿ ಬರುತ್ತದೆ. ‘ಬೇಗ ಹೇಳಿ ಮೇಡಂ, ಟೈಮ್ ಆಗ್ತಿದೆ’ ಎಂಬ ನೀರು ಮೈಮೇಲೆ ಬೀಳುತ್ತಲೇ ಇರುತ್ತದೆ. ಗಾಬರಿಯಲ್ಲಿ ಅಂಕಿ ಬಾಯಿಂದ ಬಿದ್ದರೆ ‘ಗ್ರಾಹಕರೇ ಒಪ್ಪಿಗೆ ಕೊಟ್ಟಿದ್ದಾರೆ’ ಎಂದು ಬ್ಯಾಂಕಿನವರು ಬರೆದುಕೊಳ್ಳುತ್ತಾರೆ.

12ನೇ ಶತಮಾನದಲ್ಲಿ ಬಸವಣ್ಣನವರು ಈ ಹರಕೆಯ ಕುರಿಯನ್ನು ಇನ್ನೊಂದು ಮಗ್ಗುಲಿನಿಂದ ನೋಡಿದ್ದರು: ತನ್ನನ್ನು ಕಡಿಯುವ ಹಬ್ಬಕ್ಕೆಂದೇ ತಂದ ತೋರಣದ ಎಲೆಯನ್ನು ಅದು ನೆಮ್ಮದಿಯಾಗಿ ಮೇಯುತ್ತಿದೆ. ಹಣಕಾಸಿನ ವಂಚನೆಯ ಇಷ್ಟು ನಿಖರವಾದ ಚಿತ್ರ ಅರ್ಥಶಾಸ್ತ್ರದ ಪಠ್ಯಗಳಲ್ಲೂ ಕಡಿಮೆ. 1920ರಲ್ಲಿ ಬಾಸ್ಟನ್ನಿನ ಚಾರ್ಲ್ಸ್ ಪೊಂಜಿ, 45 ದಿನಕ್ಕೆ ಶೇ 50 ಲಾಭ ಕೊಡುತ್ತೇನೆಂದು ಜನರಿಂದ ಹಣ ಎತ್ತಿ, ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಿದ. ಮೊದಲ ತಿಂಗಳು ಬರುವ ‘ಬಡ್ಡಿ’ ಎಂದರೆ ತೋರಣದ ಎಲೆ. ಅದನ್ನು ಮೇಯುತ್ತಿರುವವನಿಗೆ ಯಾರ ಮಾತೂ ಕೇಳಿಸುವುದಿಲ್ಲ; ಮೇಯುತ್ತಲೇ ತಮ್ಮನನ್ನೂ ಷಡ್ಡಕನನ್ನೂ ಕರೆಯುತ್ತಾನೆ.

ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆಯ ಪ್ರಕರಣದಲ್ಲಿ ಆದದ್ದು ಇದೇ. ಬಡ್ಡಿ ನಿಷಿದ್ಧ ಎಂದು ನಂಬಿದ ಜನಕ್ಕೆ ‘ಬಡ್ಡಿಯಲ್ಲ, ಲಾಭದ ಪಾಲು’ ಎಂದು ಹೇಳಿ ವರ್ಷಗಟ್ಟಲೆ ತಿಂಗಳು ತಿಂಗಳು ಹಣ ಕೊಟ್ಟರು. 2019ರ ಜೂನ್‌ನಲ್ಲಿ ಸಂಸ್ಥಾಪಕ ಮನ್ಸೂರ್ ಖಾನ್ ದುಬೈಗೆ ಹಾರಿದಾಗ ಶಿವಾಜಿನಗರದಲ್ಲಿ ದೂರು ಕೊಡುವವರ ಸಾಲು ಮೈಲುದ್ದ ಬೆಳೆಯಿತು. ದೂರು ಕೊಟ್ಟವರೇ 40,000ಕ್ಕೂ ಹೆಚ್ಚು. ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಖಾನ್ ಬಂಧನವಾಯಿತು. ಆರು ತಿಂಗಳು ಕಳೆಯಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿ ಸಾಲು ನಿಂತವರಲ್ಲಿ ಪಿಂಚಣಿಯ ಹಣ ಇಟ್ಟಿದ್ದ ಹಿರಿಯರೇ ಹೆಚ್ಚು. ಎರಡು ಊರೆನ್ನಿಸುವಷ್ಟು ಬೇರೆ ಬೇರೆ ಬಡಾವಣೆಗಳು, ಬೇರೆ ಬೇರೆ ದೇವರು. ಎರಡೂ ಕಡೆ ಜನ ಹಣ ಇಟ್ಟದ್ದು ಬ್ಯಾಲೆನ್ಸ್ ಶೀಟ್ ಓದಿಯಲ್ಲ, ‘ನಮ್ಮವರು’ ಎಂಬ ಮಾತಿನ ಮೇಲೆ.

ಪಶುಪಕ್ಷಿ ವಿಭಾಗದಲ್ಲಿ ಎಮು ಒಂದನ್ನು ಹೇಳಲೇಬೇಕು. ತಮಿಳುನಾಡಿನ ಪೆರುಂದುರೈನ ಸುಸಿ ಎಮು ಫಾರ್ಮ್ಸ್ ಜನರಿಂದ ಠೇವಣಿ ಪಡೆದು ಮರಿ ಕೊಟ್ಟಿತು, ಸಾಕುವುದಕ್ಕೆ ತಿಂಗಳ ಹಣವನ್ನೂ ಕೊಟ್ಟಿತು. ಆಳೆತ್ತರದ ಈ ಆಸ್ಟ್ರೇಲಿಯಾದ ಹಕ್ಕಿಯ ಮಾಂಸವನ್ನು ನಮ್ಮಲ್ಲಿ ಯಾರು ತಿನ್ನುತ್ತಾರೆ ಎಂದು ಕೇಳಿದವರಿಲ್ಲ. 2012ರಲ್ಲಿ ಕಂಪನಿ ಕುಸಿಯಿತು. ಹಸಿದ ಹಕ್ಕಿಗಳಿಗೆ ಸರ್ಕಾರವೇ ಮೇವು ಹಾಕಬೇಕಾಯಿತು. ಎರಡು ತಲೆ ಹಾವಿನ ದಂಧೆ ಇನ್ನೂ ಹಳೆಯದು. ಮಣ್ಣುಮುಕ್ಕ ಹಾವಿನ ಬಾಲ ಮೊಂಡಾಗಿ ತಲೆಯಂತೆ ಕಾಣುವುದಷ್ಟೇ ಅದರ ಮಹಿಮೆ. ಅದಕ್ಕೆ ಕೋಟಿ ಬೆಲೆ ಕಟ್ಟಿ ಮಾರಲು ಹೊರಟವರನ್ನು ನಮ್ಮ ಪೊಲೀಸರು ವರ್ಷವೂ ಹಿಡಿಯುತ್ತಾರೆ. ಇನ್ನು ರೈಸ್ ಪುಲ್ಲಿಂಗ್. ಸಿಡಿಲು ಬಡಿದ ತಾಮ್ರದ ಚೊಂಬಿಗೆ ಇರಿಡಿಯಂ ಶಕ್ತಿ ಬಂದು ಅದು ಅಕ್ಕಿಯನ್ನು ಸೆಳೆಯುತ್ತದಂತೆ, ನಾಸಾದವರು ಕೊಳ್ಳಲು ಕಾದಿದ್ದಾರಂತೆ. ಅಕ್ಕಿಕಾಳಿಗೆ ಮೊದಲೇ ಕಬ್ಬಿಣದ ಪುಡಿ ಹತ್ತಿಸಿ, ಚೊಂಬಿನಲ್ಲಿ ಅಯಸ್ಕಾಂತ ಅಡಗಿಸಿರುತ್ತಾರೆ. ಇಲ್ಲಿ ಬಕ್ರಾ ತನ್ನ ಚೊಂಬನ್ನು ತಾನೇ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾನೆ ಎಂಬುದು ಅಲಂಕಾರಶಾಸ್ತ್ರದ ದೃಷ್ಟಿಯಿಂದ ವಿಶೇಷ.

ಇಷ್ಟು ಹೊತ್ತು ಸುಮ್ಮನಿದ್ದ ಪೂರ್ವಪಕ್ಷಿ ಇಲ್ಲಿ ಏಳುತ್ತಾನೆ. ಬಕ್ರಾ ಆಗಲು ಸನ್ಮಾನ ಬೇಕು ಎಂದಿರಿ. ಹಾಗಾದರೆ ಡಿಜಿಟಲ್ ಅರೆಸ್ಟ್? ಅಲ್ಲಿ ಹೂವಿಲ್ಲ, ನಾಮವಿಲ್ಲ, ಬರೀ ಹೆದರಿಕೆ. ಆಕ್ಷೇಪ ಸರಿಯಾಗಿಯೇ ಇದೆ. ನಿಮ್ಮ ಆಧಾರ್ ಕೊಟ್ಟು ಸಿಮ್ ತೆಗೆದಿದ್ದಾರೆ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ ಎಂದು ಕರೆ ಬರುತ್ತದೆ. ವಿಡಿಯೊ ತೆರೆದರೆ ಖಾಕಿ ತೊಟ್ಟವನೊಬ್ಬ, ಬೆನ್ನ ಹಿಂದೆ ಠಾಣೆಯಂಥ ಗೋಡೆ, ಗೋಡೆಯ ಮೇಲೆ ಲಾಂಛನ. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಮನೆಯವರಿಗೆ ಹೇಳುವಂತಿಲ್ಲ, ಪರಿಶೀಲನೆಗೆಂದು ಖಾತೆಯ ಹಣವನ್ನೆಲ್ಲ ಅವನು ಹೇಳಿದ ಖಾತೆಗೆ ಹಾಕಬೇಕು. ತನಿಖೆ ಮುಗಿದ ಮೇಲೆ ವಾಪಸು. 2024ರ ಕೊನೆಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೆ ಕಳೆದುಕೊಂಡದ್ದು 11.8 ಕೋಟಿ ರೂಪಾಯಿ. ಇದಕ್ಕೆ ಸಿದ್ಧಾಂತಿಯ ಉತ್ತರ: ಅಲಂಕಾರ ಇಲ್ಲಿಯೂ ಇದೆ, ಜಾಗ ಬದಲಾಗಿದೆ. ಟೋಪಿ ಈಗ ಹಾಕುವವನ ತಲೆಯ ಮೇಲಿದೆ, ಅದಕ್ಕೆ ಅಶೋಕಸ್ತಂಭವೂ ಇದೆ. ನಮ್ಮ ದೇಶದಲ್ಲಿ ಆ ಟೋಪಿಯನ್ನು ಕಂಡ ಕೂಡಲೇ ಎದ್ದು ನಿಲ್ಲುವವರು ತಪ್ಪು ಮಾಡದವರೇ.

ಆದ್ದರಿಂದ ‘ಹಳ್ಳಿಗುಗ್ಗು’ ಎಂಬ ಪದವನ್ನು ನಿಘಂಟುಗಳು ಪರಿಷ್ಕರಿಸಬೇಕು. ಗುಗ್ಗುವಿನ ಈಗಿನ ವಿಳಾಸ ಹಳ್ಳಿಯದಲ್ಲ. ಹಳ್ಳಿಯ ಅಜ್ಜಿಗೆ ಸಿಬಿಐ ಅಧಿಕಾರಿ ಇಂಗ್ಲಿಷಿನಲ್ಲಿ ಬೆದರಿಸಿದರೆ ಅವಳು ‘ಯಾರಪ್ಪಾ ನೀನು, ಸರಿಯಾಗಿ ಕೇಳಿಸ್ತಿಲ್ಲ’ ಎಂದು ಫೋನ್ ಇಡುತ್ತಾಳೆ. ಇಂಗ್ಲಿಷ್ ಬರುವವರು, ನೆಟ್‌ಬ್ಯಾಂಕಿಂಗ್ ಬಲ್ಲವರು, ಮ್ಯೂಚುವಲ್ ಫಂಡನ್ನು ಅರ್ಧ ಗಂಟೆಯಲ್ಲಿ ಮುರಿಸಿಕೊಳ್ಳುವ ಜಾಣ್ಮೆ ಇರುವವರು ಮಾತ್ರ ಈ ದೊಡ್ಡ ಮೊತ್ತದ ಬಕ್ರಾ ಆಗಬಲ್ಲರು.

ವ್ಯಾಕರಣದಲ್ಲಿ ಬಿಟ್ಟ ಎಳೆ ಇಲ್ಲಿ ಬೇಕು. ಬಕ್ರಾ ಎಂಬ ಪದ ಯಾವಾಗಲೂ ನಗುವವನ ಬಾಯಲ್ಲಿರುತ್ತದೆ, ಆದವನ ಬಾಯಲ್ಲಿ ಬೇಗ ಬರುವುದಿಲ್ಲ. ಹಣ ಹೋದವರಲ್ಲಿ ಬಹಳ ಮಂದಿ ಮೊದಲ ಎರಡು ದಿನ ಯಾರಿಗೂ ಹೇಳದೆ ಕೂರುವುದು ಅದಕ್ಕೇ. ಭಾವಮೈದುನ ಏನೆನ್ನುತ್ತಾನೋ ಎಂಬ ಹಿಂಜರಿಕೆಯಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು ಕೈ ತಪ್ಪುತ್ತದೆ. ಪ್ರಧಾನಿ 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಿ, ನಿಂತು ಯೋಚಿಸಿ ಹೆಜ್ಜೆ ಇಡಿ ಎಂದರು. ನಿಲ್ಲುವುದು ಕಷ್ಟ, ಯೋಚಿಸುವುದು ಇನ್ನೂ ಕಷ್ಟ. ಕೊನೆಯದು ಮಾತ್ರ ಸುಲಭ, ಅದಕ್ಕೆ ನಾಲ್ಕೇ ಅಂಕಿ.

ಸೈಬರ್ ವಂಚನೆಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ 1930. ಹಣ ಹೋದದ್ದು ಗೊತ್ತಾದ ಕೂಡಲೇ, ಮನೆಯವರಿಗೆ ಹೇಳುವ ಧೈರ್ಯ ಬರುವ ಮೊದಲೇ, ಅದಕ್ಕೆ ಕರೆ ಮಾಡಿ ವಹಿವಾಟಿನ ವಿವರ ಕೊಡಿ. ಬೇಗ ತಿಳಿಸಿದಷ್ಟೂ ಮುಂದಿನ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಲ್ಲಿ ನಿಮ್ಮ ಒಟಿಪಿ ಕೇಳುವುದಿಲ್ಲ. ಯಾರಾದರೂ ಕೇಳಿದರೆ ನೀವು ಮಾತಾಡುತ್ತಿರುವುದು 1930ರ ಜೊತೆ ಅಲ್ಲ, ಫೋನ್ ಇಡಿ.